ತಕ್ಕಡಿ ಯಾರದು?

ಬೆಂಗಳೂರಿನ ಐಐಎಂ 1973ರಲ್ಲಿ ಶುರುವಾದದ್ದು, ಜನರ ದುಡ್ಡಿನಲ್ಲಿ. ಅದರ ಬಾಗಿಲಲ್ಲಿ ಕ್ಯಾಟ್ ಪರೀಕ್ಷೆ. ಅದೂ ಇಂಗ್ಲಿಷಿನಲ್ಲಿ ಮಾತ್ರ. ಆಮೇಲೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಮಾಡಿದ ನೌಕರಿಯನ್ನೂ ತೂಗುತ್ತಾರೆ. ಕಳೆ ಕಿತ್ತು ಶಾಲೆಗೆ ಓಡಿದ ಹುಡುಗಿಯ ಅಂಕವೂ ಮನೆಪಾಠದಲ್ಲಿ ಬೆಳೆದ ಹುಡುಗನ ಅಂಕವೂ ಒಂದೇ ಅಂಕ ಅನ್ನುವುದು ನ್ಯಾಯವೆ? 2006ರ ಕಾಯಿದೆ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5, ಹಿಂದುಳಿದವರಿಗೆ ಶೇ. 27 ಸೀಟು ಕೊಟ್ಟಿತು. ಅದು ಭಿಕ್ಷೆಯಲ್ಲ, ವಾಲಿದ ತಕ್ಕಡಿಗೆ ಇಟ್ಟ ಪಾಸಂಗದ ಕಲ್ಲು.

ತಕ್ಕಡಿ ಸರಿಯಿಲ್ಲ ಅಂತ ನಾವು ಸಂತೆಗೇ ಹೋಗದಿದ್ದರೆ ಲಾಭ ಯಾರಿಗೆ? ಡಿಗ್ರಿಯ ಮೊದಲ ವರ್ಷದಿಂದಲೇ ತಯಾರಾಗಿ. ದಿನಾ ಇಂಗ್ಲಿಷ್ ಪತ್ರಿಕೆ ಓದಿ, ಲೆಕ್ಕ ಬಿಡಿಸಿ. ಊರಿನ ಹಾಲಿನ ಡೇರಿಯದೋ ಸ್ತ್ರೀಶಕ್ತಿ ಸಂಘದ್ದೋ ಲೆಕ್ಕದ ಪುಸ್ತಕ ಬರೆಯಲು ಕೂತುಕೊಳ್ಳಿ.

ಸಂದರ್ಶನದಲ್ಲಿ ಎರಡು ಆಮಿಷ ಕಾಡುತ್ತವೆ: ಬಡತನವನ್ನು ಮುಚ್ಚಿಡುವುದು, ಇಲ್ಲವೇ ಕರುಣೆಗಾಗಿ ಮಾರುವುದು. ಎರಡೂ ಬೇಡ. ಅವ್ವನ ಜೊತೆ ಸಂತೆಯಲ್ಲಿ ಸೊಪ್ಪು ಮಾರಿದ್ದೀರಾ? ಎಷ್ಟಕ್ಕೆ ತಂದಿರಿ, ಎಷ್ಟು ಬಾಡಿತು, ಸಾಲದ ಬಡ್ಡಿ ಕಳೆದು ಎಷ್ಟು ಉಳೀತು, ಹೇಳಿ. ಅದು ಗೋಳಿನ ಕತೆಯಲ್ಲ, ವ್ಯಾಪಾರದ ವಿದ್ಯೆ. ಅದನ್ನು ಕೇಳಿ ಅರಿಯದಿದ್ದರೆ ಕೊರತೆ ಕೇಳುವವರದು.

ಗೆಳೆಯರೆ, ಅರ್ಜಿಗೆ ಬಲ ಬರುವುದು ಹೀಗೆ. ಆದರೆ ಒಳಗೆ ಹೋದವರು ಆಮೇಲೆ ಯಾರ ಲೆಕ್ಕ ಬರೆಯುತ್ತಾರೆ? ಸೊಪ್ಪಿನ ಬುಟ್ಟಿಯದೋ, ಬಡ್ಡಿಯವನದೋ? ಅರ್ಜಿಯಲ್ಲಿ ಇಲ್ಲದ ಈ ಪ್ರಶ್ನೆಗೂ ಉತ್ತರ ಕೊಡಬೇಕು.