ಪ್ರಶ್ನೆ ಯಾರದು?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗ ಶಿಕ್ಷಕರಿಂದ ಹೆಚ್ಚಾಗಿ ಕೇಳಿಬಂದ ಆತಂಕ, ಮಕ್ಕಳು ಇನ್ನು ಉತ್ತರವನ್ನು ಸ್ವತಃ ಬರೆಯಲಾರರು ಎಂಬುದು. ಈಗ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲೇ ಸಿದ್ಧ ಪ್ರಾಂಪ್ಟುಗಳ ಪಟ್ಟಿ ಓಡಾಡುತ್ತಿದೆ: ಪಾಠಯೋಜನೆಗೆ ಇದು, ರಸಪ್ರಶ್ನೆಗೆ ಇದು, ವಿದ್ಯಾರ್ಥಿಗಳಿಗೆ ಕೊಡಲು ಇದು. ಪ್ರಾಂಪ್ಟ್ ಎಂದರೆ ಯಂತ್ರಕ್ಕೆ ನಾವು ಕೊಡುವ ಸೂಚನೆ, ಕೇಳುವ ಪ್ರಶ್ನೆ. ಉತ್ತರವನ್ನು ಯಂತ್ರಕ್ಕೆ ಬಿಟ್ಟದ್ದಾಯಿತು. ಪ್ರಶ್ನೆಯೂ ಸಿದ್ಧವಾಗಿ ಸಿಕ್ಕರೆ ವಿದ್ಯಾರ್ಥಿಗೆ ಉಳಿಯುವ ಕೆಲಸವೇನು?

ಇದರ ಪ್ರಯೋಜನವನ್ನು ಅಲ್ಲಗಳೆಯಬೇಕಿಲ್ಲ. ಕಾಪುವಿನ ಸಣ್ಣ ಶಾಲೆಯೊಂದರಲ್ಲಿ ಒಬ್ಬರೇ ಟೀಚರ್ ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ ಎಂದುಕೊಳ್ಳಿ. ಮೀನು ಮಾರುವವರ ಲೆಕ್ಕವನ್ನು ಮೂರು ಮಟ್ಟಗಳಲ್ಲಿ ಬರೆದುಕೊಡು ಎಂದರೆ ಯಂತ್ರ ನಿಮಿಷದೊಳಗೆ ಬರೆದುಕೊಡುತ್ತದೆ. ಆ ಟೀಚರಿಗೆ ಬಂಗುಡೆಯ ಬೆಲೆ ಗೊತ್ತು, ಯಾವ ಮಗು ಭಾಗಾಕಾರದಲ್ಲಿ ಎಲ್ಲಿ ತಡವರಿಸುತ್ತದೆ ಎಂಬುದೂ ಗೊತ್ತು. ಅವರ ಪ್ರಾಂಪ್ಟಿನ ಹಿಂದೆ ಆ ತಿಳಿವಳಿಕೆ ಇದೆ. ಯಂತ್ರ ತಪ್ಪಿದರೆ ಹಿಡಿಯುವುದೂ ಅದೇ ತಿಳಿವಳಿಕೆ. ಕಲಿಯುವ ಮಗುವಿನ ಸ್ಥಿತಿ ಬೇರೆ. ಅದಿನ್ನೂ ಆ ತಿಳಿವಳಿಕೆಯ ಕಡೆಗೆ ನಡೆಯುತ್ತಿದೆ.

ಕಾರ್ಕಳದ ಗೊಮ್ಮಟನನ್ನೇ ತೆಗೆದುಕೊಳ್ಳೋಣ. ಪಟ್ಟಿಯ ಪ್ರಾಂಪ್ಟ್ ಹಾಕಿದರೆ 1432, ವೀರಪಾಂಡ್ಯ, 42 ಅಡಿ ಎಂದು ಅಚ್ಚುಕಟ್ಟಾದ ಪ್ರಬಂಧ ಬಂದೀತು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮೆಟ್ಟಿಲು ಹತ್ತಿ ಏದುಸಿರು ಬಿಡುವ ಹುಡುಗಿಯೊಬ್ಬಳಿಗೆ, ಇಷ್ಟು ದೊಡ್ಡ ಕಲ್ಲು ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಹುಟ್ಟಬಹುದು. ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟದ ತುದಿಯ ಬಂಡೆಯಲ್ಲೇ ಕಡೆದರು. ಕಾರ್ಕಳದ ಗೊಮ್ಮಟನನ್ನು ಬೇರೆಡೆ ಕಡೆದು ಬೆಟ್ಟಕ್ಕೆ ಏರಿಸಿದ ಕತೆಯನ್ನು ಚಂದ್ರಮ ಕವಿ ಹೇಳುತ್ತಾನೆ. ಕೇಳಿದರೆ ಯಂತ್ರ ಇದನ್ನೂ ಹೇಳಬಹುದು. ವ್ಯತ್ಯಾಸವೆಂದರೆ, ಅದು ಹೇಳಿದ್ದನ್ನು ತಾನು ಹತ್ತಿದ ಏರಿನ ಜೊತೆ ಇಟ್ಟು ತೂಗಿ ನೋಡಲು ಈ ಹುಡುಗಿಗೆ ಸಾಧ್ಯ. ಕಡ ತಂದ ಪ್ರಶ್ನೆಯಿಂದ ಬಂದ ಉತ್ತರವನ್ನು ತೂಗಲು ತಕ್ಕಡಿಯೇ ಇರುವುದಿಲ್ಲ.

ಕೇಳುವುದು ಹೇಗೆ ಎಂಬುದಕ್ಕೆ ನಮ್ಮ ಕಡೆಯಲ್ಲೇ ಒಂದು ಒಳ್ಳೆಯ ಮಾದರಿಯಿದೆ. ಕಾರ್ಕಳದ ಬಳಿಯ ನಂದಳಿಕೆಯ ಮುದ್ದಣ (1870–1901) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಅವನ ‘ಶ್ರೀರಾಮಾಶ್ವಮೇಧಂ’ನಲ್ಲಿ ಕತೆ ಹೊರಡುವುದು ಮಡದಿ ಮನೋರಮೆ ಕೇಳಿದ್ದಕ್ಕೆ. ಕತೆಗಾರ ಸಂಸ್ಕೃತಕ್ಕೆ ಜಾರಿದರೆ ಅವಳು ತಡೆಯುತ್ತಾಳೆ, ಕನ್ನಡದಲ್ಲಿ ಹೇಳೆನ್ನುತ್ತಾಳೆ, ಕೆಣಕುತ್ತಾಳೆ. ‘ಸರಳ ಕನ್ನಡದಲ್ಲಿ ವಿವರಿಸು’ ಎಂಬ ಸೂಚನೆ ಇಂದಿನ ಪ್ರಾಂಪ್ಟ್ ಪಟ್ಟಿಗಳಲ್ಲೂ ಕಾಣುತ್ತದೆ. ಮಾತು ಹೆಚ್ಚು ಕಡಿಮೆ ಅದೇ. ಆದರೆ ಮನೋರಮೆ ಅದನ್ನು ಹೇಳಿದ್ದು ಕಿವಿಗೊಟ್ಟು ಕೇಳಿದ ಮೇಲೆ, ತನಗೆ ತೊಡಕಾದ ಜಾಗದಲ್ಲಿ.

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಪ್ರಾಮಾಣಿಕತೆಯ ಪ್ರಶ್ನೆಯೂ ಹೌದು. ಮುದ್ದಣ ತಾನೇ ಬರೆದದ್ದನ್ನು ಹಳೆಯ ಕಾಲದ ಕೃತಿ ಎಂದು ಹೇಳಿ ಅಚ್ಚಿಗೆ ಕಳಿಸಿದ. ಅವನ ದುಡಿಮೆ ಇತ್ತು, ಹೆಸರು ಮರೆಯಲ್ಲಿತ್ತು. ಈಗ ಹೆಸರು ಮುಂದಿದೆ, ದುಡಿಮೆಯೇ ಕಾಣೆ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ತಂದ ನಿಯಮ ಶೇ. 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಯಂತ್ರ ಹೊಸದಾಗಿ ಹೆಣೆದ ವಾಕ್ಯ ಯಾವುದನ್ನೂ ಹೋಲದೆ ಆ ಜರಡಿಯಿಂದ ಪಾರಾಗಬಹುದು. ‘ಪ್ರಾಂಪ್ಟ್ ನನ್ನದಲ್ಲವೇ, ಹಾಗಾಗಿ ಬರಹವೂ ನನ್ನದು’ ಎಂಬ ವಾದವೊಂದಿದೆ. ಪ್ರಾಂಪ್ಟೂ ಪಟ್ಟಿಯಿಂದ ಎತ್ತಿದ್ದಾದರೆ ಆ ವಾದಕ್ಕೂ ನೆಲೆಯಿಲ್ಲ.

ಇದಕ್ಕೆ ಎದುರಾಗಿ ಒಂದು ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ, ತಪ್ಪು ಮಾತಾಡಿದರೆ ನಗುತ್ತಾರೆಂದು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತ ಮಗು ತರಗತಿಯಲ್ಲಿ ಏನನ್ನೂ ಕೇಳಿರುವುದಿಲ್ಲ. ಯಂತ್ರ ನಗುವುದಿಲ್ಲ, ಗದರುವುದಿಲ್ಲ. ಸಿದ್ಧ ಪ್ರಾಂಪ್ಟ್ ಆ ಮಗುವಿಗೆ ಊರುಗೋಲಾಗಬಹುದು, ಆಗಲಿ. ಅದನ್ನು ಕೊಡುವ ಶಿಕ್ಷಕರು ಎರಡು ಕೆಲಸ ಸೇರಿಸಿದರೆ ಸಾಕು: ಯಂತ್ರ ತೆರೆಯುವ ಮೊದಲು ತನಗೆ ಎಲ್ಲಿ ತಿಳಿಯಲಿಲ್ಲ ಎಂಬುದನ್ನು ಮಗು ಬರೆಯಲಿ, ಉತ್ತರ ಓದಿದ ಮೇಲೆ ಎರಡನೆಯ ಪ್ರಶ್ನೆಯನ್ನು ಸ್ವತಃ ಕೇಳಲಿ. ಅಂಕ ಆ ಎರಡನೆಯ ಪ್ರಶ್ನೆಗೆ ಸಿಗಲಿ.

ಆದರೂ, ಟೀಚರಿಗಿಂತ ಯಂತ್ರವನ್ನು ಕೇಳುವುದೇ ಸಲೀಸು ಎಂದು ಮಗುವಿಗೆ ಅನಿಸಿದ್ದರೆ ಅದನ್ನು ತಂತ್ರಜ್ಞಾನದ ಗೆಲುವೆಂದು ಸಂಭ್ರಮಿಸಲು ನನಗೆ ಮನಸ್ಸಿಲ್ಲ. ‘ಅರ್ಥ ಆಗ್ಲಿಲ್ಲ ಟೀಚರ್’ ಎಂದು ಹೆದರದೆ ಹೇಳಬಹುದಾದ ತರಗತಿಯನ್ನು ಯಾವ ಪ್ರಾಂಪ್ಟೂ ಕಟ್ಟಿಕೊಡದು. ಅದು ನಮ್ಮ ಮೇಲಿರುವ ಹಳೆಯ ಬಾಕಿ.