ನಾಳೆಯೂ ಮೇಲ್ ಬರುತ್ತದೆ, ಆದರೆ

ಮಂಡ್ಯ ಸೀಮೆಯಲ್ಲಿ ನಾಲೆ ಒಣಗಿದ ಮೇಲೆ ನೀರು ನಿಂತಿದೆ ಎಂದು ತಿಳಿಯುವ ರೈತ ಯಾರೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಎಂದಿನವರೆಗೆ ನೀರು ಹರಿಯುತ್ತದೆ ಎಂಬುದನ್ನು ಮೊದಲೇ ಪ್ರಕಟಿಸುತ್ತಾರೆ. ಒಟ್ಲು ಬಿಡುವುದೋ, ಕೂಳೆ ಕಬ್ಬು ಉಳಿಸಿಕೊಳ್ಳುವುದೋ, ರಾಗಿಗೆ ಹೋಗುವುದೋ, ಎಲ್ಲವೂ ಆ ಲೆಕ್ಕದ ಮೇಲೆಯೇ. ದಿನಾಂಕ ನೋಡಿಕೊಂಡು ಬದುಕು ಮಾಡುವುದನ್ನು ಇಲ್ಲಿನ ಯಲಿಯೂರಿನಂಥ ಊರಿನವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಇದೇ ಸೀಮೆಯ ಅಕ್ಕಿ ಗಿರಣಿ, ಬೆಲ್ಲದ ಮಂಡಿ, ತೂಬಿನಕೆರೆಯ ಸಣ್ಣ ಕಾರ್ಖಾನೆಗಳ ಕಚೇರಿಯಲ್ಲಿ ಕೂತು, ‘ನಿಮ್ಮ ಮೇಲ್ ಸರ್ವರಿಗೆ ಎಲ್ಲಿಯವರೆಗೆ ಆಯಸ್ಸು?’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಕಚೇರಿಗಳು ಸ್ವಂತ ಮೇಲ್ ನಡೆಸಲು ಬಳಸುವ ಎಕ್ಸ್‌ಚೇಂಜ್ ಸರ್ವರಿನ 2016 ಮತ್ತು 2019ರ ಆವೃತ್ತಿ, ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 10ಕ್ಕೂ ಅದೇ ಗಡುವು. ಸ್ವಂತ ಸರ್ವರ್ ಇಲ್ಲದ ಅಂಗಡಿಯವರನ್ನೂ ಈ ಎರಡನೆಯದು ಮುಟ್ಟುತ್ತದೆ, ಏಕೆಂದರೆ ಅವರು ಮೇಲ್ ತೆರೆಯುವುದು ವಿಂಡೋಸ್ ಇರುವ ಕಂಪ್ಯೂಟರಿನಲ್ಲೇ. ಇದು ವರ್ಷಗಳ ಮುಂಚೆಯೇ ಪ್ರಕಟವಾಗಿದ್ದ ದಿನ.

ಮರುದಿನ ಬೆಳಿಗ್ಗೆ ಏನೂ ಆಗಲಿಲ್ಲ. ಮೇಲ್ ಬಂತು, ಹೋಯಿತು. ಅಪಾಯವಿರುವುದು ಇಲ್ಲಿಯೇ. ಬೆಂಬಲ ನಿಂತಿತು ಎಂದರೆ ಯಂತ್ರ ಕೆಟ್ಟಿತು ಎಂದಲ್ಲ; ಇನ್ನು ಮುಂದೆ ಅದರಲ್ಲಿ ಲೋಪ ಕಂಡರೆ ಎಂದಿನಂತೆ ಮುಚ್ಚುವವರು ಇಲ್ಲ ಎಂದು. ಹೊಸ ಆವೃತ್ತಿಯಲ್ಲಿ ಲೋಪ ಸರಿಪಡಿಸಿದಾಗ, ಯಾವುದನ್ನು ಸರಿಪಡಿಸಿದರು ಎಂಬುದನ್ನು ಕಳ್ಳರೂ ಕೂತು ಓದುತ್ತಾರೆ, ಆಮೇಲೆ ಅದೇ ಸಂದನ್ನು ಹಳೆಯದರಲ್ಲಿ ಹುಡುಕುತ್ತಾರೆ.

2021ರ ಮಾರ್ಚ್ ತಿಂಗಳನ್ನು ನೆನೆಯಬೇಕು. ಮಾರ್ಚ್ 2ರಂದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜಿನ ನಾಲ್ಕು ಲೋಪಗಳಿಗೆ ತುರ್ತಾಗಿ ತೇಪೆ ಹಾಕಿತು. ಅಷ್ಟರಲ್ಲಿ ದಾಳಿ ಶುರುವಾಗಿ ವಾರಗಳೇ ಕಳೆದಿದ್ದವು. ಜಗತ್ತಿನಾದ್ಯಂತ ಸಾವಿರಾರು ಸರ್ವರುಗಳು ಕಳ್ಳರ ಕೈಸೇರಿದವು. ಯುರೋಪಿನ ಬ್ಯಾಂಕಿಂಗ್ ಪ್ರಾಧಿಕಾರ ತನ್ನ ಮೇಲ್ ವ್ಯವಸ್ಥೆಯನ್ನೇ ಕೆಲಕಾಲ ಬಂದ್ ಮಾಡಿತು. ತಡವಾಗಿ ತೇಪೆ ಹಾಕಿದವರ ಸ್ಥಿತಿ ಇನ್ನೂ ಕೆಟ್ಟದ್ದು. ಬಾಗಿಲು ಭದ್ರವಾಯಿತು, ಒಳಗೆ ಸೇರಿದವನು ಇಟ್ಟುಹೋದ ಕಳ್ಳದಾರಿ ಹಾಗೇ ಉಳಿಯಿತು. ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಬಿಐ ನ್ಯಾಯಾಲಯದ ಅನುಮತಿ ಪಡೆದು, ಅಲ್ಲಿನ ನೂರಾರು ಕಂಪ್ಯೂಟರುಗಳಿಂದ ಆ ಕಳ್ಳದಾರಿಗಳನ್ನು ತಾನೇ ಅಳಿಸಬೇಕಾಯಿತು.

ಸಣ್ಣ ವ್ಯಾಪಾರಿಯ ಮೇಲ್ ಕಳ್ಳನ ಕೈಸೇರಿದರೆ ಸದ್ದು ಇರುವುದಿಲ್ಲ. ಅವನು ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ಯಾರಿಗೆ ಎಷ್ಟು ಬಾಕಿ, ಯಾವ ಲೋಡ್ ಎಂದು ಹೊರಡುತ್ತದೆ, ಬಿಲ್ಲಿಗೆ ಸಹಿ ಯಾರದು, ಎಲ್ಲ ಅದರಲ್ಲೇ ಇದೆ. ಹಣ ಬರುವ ಹೊತ್ತಿಗೆ ಸರಿಯಾಗಿ ನಿಮ್ಮದೇ ವಿಳಾಸದಿಂದ, ನಿಮ್ಮದೇ ಧಾಟಿಯಲ್ಲಿ ಒಂದು ಸಾಲು ಹೋಗುತ್ತದೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ.’ ಎದುರಿನವರು ನಂಬಿ ಹಾಕುತ್ತಾರೆ. ಇಂಥದು ಕಂಡ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯಲು ಸಿಗುವುದು ಮೊದಲ ಕೆಲವು ಗಂಟೆ ಮಾತ್ರ. ಕಂಪನಿಗಳು ಇಂಥ ಸೈಬರ್ ಘಟನೆಯನ್ನು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ.

ಹಾಗಾದರೆ ಸಿದ್ಧತೆ ಎಲ್ಲಿಂದ? ಹೊಸ ಸರ್ವರ್ ಕೊಳ್ಳುವುದೋ, ತಿಂಗಳ ಬಾಡಿಗೆಯ ಮೇಲ್ ಸೇವೆಗೆ ಹೋಗುವುದೋ ಎಂಬ ಚರ್ಚೆಯೇ ಎಲ್ಲೆಡೆ ಮೊದಲಾಗುತ್ತದೆ. ನನ್ನ ಮಾತು ಬೇರೆ. ಅಂಗಡಿ ಬೋರ್ಡಿನ ಮೇಲೆ, ಬಿಲ್ ಬುಕ್ಕಿನ ಮೇಲೆ, ಚೀಲದ ಮೇಲೆ ಅಚ್ಚಾಗಿರುವ ಆ ಮೇಲ್ ವಿಳಾಸದಲ್ಲಿ @ ಗುರುತಿನ ಮುಂದೆ ಬರುವ ಡೊಮೇನ್ ಹೆಸರು ಯಾರದು ಎಂಬುದನ್ನು ಮೊದಲು ನೋಡಬೇಕು. ಎಷ್ಟೋ ಕಡೆ ಅದು ಮಾಲೀಕರ ಹೆಸರಿನಲ್ಲಿ ಇರುವುದೇ ಇಲ್ಲ. ಹತ್ತು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ, ಅವನ ಸ್ವಂತ ಜಿಮೇಲಿನಲ್ಲಿ, ಈಗ ಚಾಲ್ತಿಯಲ್ಲಿಲ್ಲದ ಮೊಬೈಲ್ ನಂಬರಿನಲ್ಲಿ ಇರುತ್ತದೆ. ಅವನು ಕೆಟ್ಟವನಲ್ಲ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋಗಿರುತ್ತಾನೆ. ಅವನು ಸಿಗದಿದ್ದರೆ ಮೇಲ್ ಬೇರೆಡೆಗೆ ಸಾಗಿಸಲು ಬರುವುದಿಲ್ಲ. ನವೀಕರಣ ತಪ್ಪಿದರಂತೂ ಆ ಹೆಸರನ್ನು ಬೇರೆ ಯಾರು ಬೇಕಾದರೂ ಕೊಂಡು, ನಿಮ್ಮ ಗಿರಾಕಿಗಳ ಮೇಲನ್ನು ತಾವು ಪಡೆಯಬಹುದು.

ಹೆಸರು ನಮ್ಮದಾಗಿದ್ದರೆ ಸಾಗಾಟ ಎಷ್ಟು ದೊಡ್ಡದಾದರೂ ವಿಳಾಸ ಉಳಿಯುತ್ತದೆ. ಕೇಂದ್ರ ಸರ್ಕಾರ ಸುಮಾರು 12 ಲಕ್ಷ ನೌಕರರ ಮೇಲ್‌ಗಳನ್ನು ಝೋಹೊ ಕಂಪನಿಯ ವ್ಯವಸ್ಥೆಗೆ ಸಾಗಿಸಿತು. ನೌಕರರ ವಿಳಾಸಗಳು ಹಳೆಯವೇ ಉಳಿದವು, ಡೊಮೇನ್ ಸರ್ಕಾರದ ಕೈಯಲ್ಲೇ ಇತ್ತು.

ಎರಡನೆಯ ಕೆಲಸ, ಆ ಮೇಲನ್ನು ನೆಚ್ಚಿಕೊಂಡಿರುವುದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯುವುದು. ಜಿಎಸ್‌ಟಿ ಒಟಿಪಿ ಬರುವುದು ಯಾವ ವಿಳಾಸಕ್ಕೆ, ಪಿಎಫ್ ಯಾವುದಕ್ಕೆ, ಬ್ಯಾಂಕ್ ಯಾವುದಕ್ಕೆ? ಟ್ಯಾಲಿಯಿಂದ ಬಿಲ್ ತಾನಾಗಿ ಹೋಗುತ್ತದೆಯೇ? ಸ್ಕ್ಯಾನ್ ಮಾಡಿದ್ದನ್ನು ಪ್ರಿಂಟರ್ ನೇರ ಮೇಲ್ ಮಾಡುತ್ತದೆಯೇ? ಕೆಲಸ ಬಿಟ್ಟುಹೋದ ಗುಮಾಸ್ತರ ಖಾತೆ ಇನ್ನೂ ತೆರೆದೇ ಇದೆಯೇ? ಸರ್ವರ್ ಬದಲಾದ ದಿನ ಸದ್ದಿಲ್ಲದೆ ನಿಲ್ಲುವುದು ಇಂಥವೇ. ಹಳೆಯ ಮೇಲ್‌ಗಳನ್ನು ಬಿಸಾಡುವ ಹಾಗೂ ಇಲ್ಲ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡಬೇಕೆಂದು ಕಾನೂನಿದೆ, ಬಿಲ್ಲುಗಳಲ್ಲಿ ಬಹಳಷ್ಟು ಇರುವುದು ಮೇಲಿನಲ್ಲೇ.

ಇನ್ನು ಸರ್ವರಿನ ವಿಷಯ. ಎಕ್ಸ್‌ಚೇಂಜ್ 2019 ಇರುವವರು ಅದೇ ಯಂತ್ರದ ಮೇಲೆ ಹೊಸ ಚಂದಾ ಆವೃತ್ತಿಗೆ ಏರಬಹುದು. 2016ರವರಿಗೆ ಆ ದಾರಿಯಿಲ್ಲ, ಹೊಸ ಸರ್ವರ್ ನಿಲ್ಲಿಸಿ ಖಾತೆಗಳನ್ನು ಅದಕ್ಕೆ ಸಾಗಿಸಬೇಕು. ಹತ್ತಿಪ್ಪತ್ತು ಜನರಿರುವ ಸಂಸ್ಥೆಗೆ ಸ್ವಂತ ಸರ್ವರಿನ ಉಸಾಬರಿ ಬೇಡ, ಬಾಡಿಗೆ ಸೇವೆಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಓದುಗರಲ್ಲಿ ಕೋರಿಕೆ ಇಷ್ಟೇ. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಇವತ್ತೇ ಫೋನ್ ಮಾಡಿ. ನಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ, ಎಂದಿನವರೆಗೆ ಹಣ ಕಟ್ಟಿದೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸರಿಯಾದ ಉತ್ತರ ಬರದಿದ್ದರೆ ಆ ಕೆಲಸವನ್ನೇ ಮೊದಲು ಹಿಡಿಯಿರಿ, ಸರ್ವರಿನ ಮಾತು ಆಮೇಲೆ.