ಅರಿಯದೆ ಮಾಡಿದ ತಪ್ಪಿಗೆ ಹೊಣೆ ಯಾರು?

ಅರಿತು ಮಾಡಿದ ತಪ್ಪಿಗೆ ಮನುಷ್ಯನು ಹೊಣೆಗಾರನೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ತಾನು ಮಾಡುತ್ತಿರುವುದು ಸರಿಯೆಂದೇ ನಂಬಿ, ಶುದ್ಧ ಮನಸ್ಸಿನಿಂದ ಮಾಡಿದ ತಪ್ಪಿನ ಗತಿಯೇನು? ಅದರಿಂದ ಇನ್ನೊಬ್ಬರಿಗೆ ಅನ್ಯಾಯವಾದರೆ, 'ನನಗೆ ಗೊತ್ತಿರಲಿಲ್ಲ' ಎಂಬ ಒಂದು ಮಾತಿನಿಂದ ಅವನು ಬಿಡುಗಡೆ ಹೊಂದುವನೇ? ಓದುಗ ಬಂಧುಗಳೇ, ಈ ಪ್ರಶ್ನೆ ನನಗೆ ಗ್ರಂಥಗಳ ಪುಟಗಳಿಂದ ಎದುರಾದುದಲ್ಲ. ಒಂದು ಹಳೆಯ ಕ್ಯಾಸೆಟ್ ಡೆಕ್‌ನೊಳಗಿದ್ದ ರಬ್ಬರ್ ಬೆಲ್ಟಿನಿಂದ ಎದುರಾಯಿತು. ಆದುದರಿಂದ ಮೊದಲು ಆ ಬೆಲ್ಟಿನ ವಿಷಯವನ್ನೇ ಹೇಳುತ್ತೇನೆ.

ನಮ್ಮ ಮದ್ರಸದ ಕಪಾಟಿನಲ್ಲಿ ಒಂದು ಕ್ಯಾಸೆಟ್ ಡೆಕ್ ಇದೆ. 1980ರ ದಶಕದಲ್ಲಿ ಗಲ್ಫಿನಲ್ಲಿ ದುಡಿಯುತ್ತಿದ್ದ ಊರಿನವರೊಬ್ಬರು ರಜೆಯಲ್ಲಿ ಬಂದಾಗ ತಂದುಕೊಟ್ಟದ್ದು. ಆ ಕಾಲದಲ್ಲಿ ಕರಾವಳಿಯ ಎಷ್ಟೋ ಮನೆಗಳಿಗೆ ಕುರ್‌ಆನ್ ಪಾರಾಯಣದ ಧ್ವನಿಸುರುಳಿಗಳು ಬಂದದ್ದು ಹೀಗೆಯೇ. ಡೆಕ್‌ನ ಜೊತೆಗೆ ಈಜಿಪ್ಟಿನ ಶೈಖ್ ಮಹಮೂದ್ ಖಲೀಲ್ ಅಲ್ ಹುಸರಿಯವರ ಪಾರಾಯಣದ ಧ್ವನಿಸುರುಳಿಗಳೂ ಬಂದಿದ್ದವು. 1961ರಲ್ಲಿ ಈಜಿಪ್ಟಿನಲ್ಲಿ ಸಂಪೂರ್ಣ ಕುರ್‌ಆನಿನ ಪಾರಾಯಣವನ್ನು ಧ್ವನಿಮುದ್ರಿಸಿ ಹೊರತಂದಾಗ ಓದಿದವರು ಅವರೇ. ಈಗ ಎಲ್ಲವೂ ಫೋನಿನಲ್ಲೇ ದೊರೆಯುವಾಗ ಈ ಹಳೆಯ ಪೆಟ್ಟಿಗೆ ಯಾಕೆ ಎಂದು ನೀವು ಕೇಳಬಹುದು. ಫೋನ್ ತೆರೆದರೆ ಮಕ್ಕಳ ಕಣ್ಣು ಅದರ ಪರದೆಯ ಮೇಲೆ ಹೋಗುತ್ತದೆ. ಡೆಕ್ ಇಟ್ಟರೆ ಕಣ್ಣು ಮುಸ್‌ಹಫ್‌ನ ಮೇಲೆ ಉಳಿಯುತ್ತದೆ. ಈ ಕಾರಣದಿಂದ ನಾನು ಅದನ್ನು ಬಿಟ್ಟಿರಲಿಲ್ಲ.

ಕಳೆದ ವರ್ಷ ಮದ್ರಸಗಳ ನಡುವಿನ ಕಿರಾಅತ್ ಸ್ಪರ್ಧೆಗೆ ಒಬ್ಬ ವಿದ್ಯಾರ್ಥಿಯನ್ನು ಆರಿಸಬೇಕಾಗಿತ್ತು. ಹನ್ನೆರಡು ವರ್ಷದೊಳಗಿನವರ ವಿಭಾಗ. ನನ್ನ ಕ್ರಮ ಸರಳವಾಗಿತ್ತು: ಧ್ವನಿಸುರುಳಿ ಹಾಕುವುದು, ಹುಡುಗರನ್ನು ಒಬ್ಬೊಬ್ಬರಾಗಿ ಅದರ ಜೊತೆಜೊತೆಗೇ ಓದಿಸುವುದು. ತಜ್‌ವೀದ್ ಬಲ್ಲವರಿಗೆ ಗೊತ್ತಿರುವಂತೆ ಓದಿನ ವೇಗವೇ ಒಂದು ದೋಷವಲ್ಲ. ನಿಧಾನ, ಮಧ್ಯಮ, ತ್ವರಿತ ಎಂಬ ಮೂರು ಗತಿಗಳನ್ನೂ ವಿದ್ವಾಂಸರು ಒಪ್ಪಿದ್ದಾರೆ. ಆದರೆ ಗುರುವಿನ ಓದನ್ನು ಅನುಸರಿಸಲು ಹೇಳಿದಾಗ ಅನುಸರಿಸಬೇಕು ಎಂಬುದು ನನ್ನ ಹಟವಾಗಿತ್ತು.

ಒಬ್ಬ ಹುಡುಗ ಮಾತ್ರ ಪ್ರತಿ ಆಯತಿನಲ್ಲೂ ಧ್ವನಿಸುರುಳಿಗಿಂತ ಮುಂದೆ ಹೋಗುತ್ತಿದ್ದ. ಎರಡು ಬಾರಿ ತಡೆದೆ. ಮೂರನೆಯ ಬಾರಿ ಎಲ್ಲರ ಮುಂದೆ ಗದರಿಸಿದೆ. "ಅಲ್ಲಾಹನ ವಚನ ಓದುವಾಗ ಇಷ್ಟು ಅವಸರವೇ?" ಎಂದೆ. ಅವನು ತಲೆ ತಗ್ಗಿಸಿ, "ಉಸ್ತಾದ್, ಮನೆಯಲ್ಲಿ ಉಮ್ಮನ ಫೋನಿನಲ್ಲಿ ಇವರೇ ಓದುವುದು ಇದಕ್ಕಿಂತ ಬೇಗ" ಎಂದ. "ತಪ್ಪನ್ನು ಫೋನಿನ ಮೇಲೆ ಹಾಕಬೇಡ" ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಆಯ್ಕೆಯಾದವನು ಬೇರೊಬ್ಬ.

ಕೆಲವು ತಿಂಗಳ ನಂತರ ಡೆಕ್ ಒಂದು ಟೇಪನ್ನು ಒಳಗೆ ಸುತ್ತಿಕೊಂಡು ನುಂಗಲಾರಂಭಿಸಿತು. ಪೇಟೆಯಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಕೊಂಡುಹೋದೆ. ಅವರು ಬಿಚ್ಚುವ ಮೊದಲು ತಮ್ಮ ಬಳಿಯಿದ್ದ ಒಂದು ಕ್ಯಾಸೆಟ್ ಹಾಕಿದರು. ಅದರಲ್ಲಿ ಮಾತಿಲ್ಲ, ಓದಿಲ್ಲ. 'ಕೂ' ಎಂಬ ಒಂದೇ ಸ್ವರ, ಅಷ್ಟೆ. ಸರಿಯಾದ ವೇಗದಲ್ಲಿ ಓಡಿದರೆ ಆ ಸ್ವರ ಸೆಕೆಂಡಿಗೆ 3000 ಕಂಪನಗಳನ್ನು ತೋರಿಸಬೇಕು. ಅವರ ಮೀಟರ್ ತೋರಿಸಿದ್ದು 2820. "ನೂರಕ್ಕೆ ಆರು ಪಾಲು ನಿಧಾನ. ಇಷ್ಟು ದಿನ ಹೇಗೆ ಕೇಳಿದಿರಿ ಮಾಸ್ಟ್ರೇ?" ಎಂದರು.

ಧ್ವನಿಸುರುಳಿಯ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಚಲಿಸಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಈ ಬಗೆಯ ಕ್ಯಾಸೆಟನ್ನು ಹೊರತಂದಂದಿನಿಂದ ಇದೇ ಅಳತೆ. ಕೈರೋದಲ್ಲಿ ಓದಿದ್ದು ನಮ್ಮೂರಿನಲ್ಲಿ ಹಾಗೆಯೇ ಕೇಳಬೇಕಾದರೆ ಎಲ್ಲ ಯಂತ್ರಗಳೂ ಈ ಒಂದು ಅಳತೆಗೆ ಬದ್ಧವಾಗಿರಬೇಕು. ಮೋಟಾರಿನ ತಿರುಗಾಟವನ್ನು ಫ್ಲೈವೀಲ್ ಎಂಬ ಭಾರವಾದ ಚಕ್ರಕ್ಕೆ ತಲುಪಿಸುವುದು ಒಂದು ಚಪ್ಪಟೆ ರಬ್ಬರ್ ಬೆಲ್ಟ್. ಆ ಚಕ್ರದ ಸಣ್ಣ ಉಕ್ಕಿನ ಕಡ್ಡಿಯೇ ಟೇಪನ್ನು ಎಳೆಯುವುದು. ಬೆಲ್ಟ್ ಸಡಿಲವಾದರೆ ಮೋಟಾರ್ ಸರಿಯಾಗಿ ತಿರುಗಿದರೂ ಚಕ್ರ ಹಿಂದೆ ಬೀಳುತ್ತದೆ.

ಅವರು ಡೆಕ್‌ನ ಮುಚ್ಚಳ ತೆಗೆದು, ಫ್ಲೈವೀಲನ್ನು ಹಿಡಿದಿದ್ದ ತಗಡನ್ನು ಬಿಚ್ಚಿದರು. ಚಪ್ಪಟೆ ಬೆಲ್ಟ್ ಹಿಗ್ಗಿ, ಒಳಮೈ ಕನ್ನಡಿಯಂತೆ ನುಣುಪಾಗಿತ್ತು. ಟೇಪನ್ನು ಸುತ್ತಿಕೊಳ್ಳುವ ಗಾಲಿಗೆ ಸೇರಿದ ತೆಳು ಬೆಲ್ಟ್ ಕರಗಿ ಡಾಂಬರಿನಂತೆ ಬೆರಳಿಗೆ ಅಂಟಿತು. "ಈ ರಬ್ಬರ್ ಉಂಟಲ್ಲ, ದುಡಿದರೂ ಸವೆಯುತ್ತದೆ, ಸುಮ್ಮನೆ ಕೂತರೂ ಕೆಡುತ್ತದೆ" ಎಂದರು. ಚಕ್ರದ ಅಂಚಿಗೆ ಹತ್ತಿದ್ದ ಅಂಟನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಉಜ್ಜಿ ತೆಗೆದರು. ಹಳೆಯ ಬೆಲ್ಟಿನ ಸುತ್ತಳತೆ ನೋಡಿ, ಅದಕ್ಕಿಂತ ನೂರಕ್ಕೆ ಐದು ಪಾಲಿನಷ್ಟು ಚಿಕ್ಕದನ್ನು ಆರಿಸಿದರು. ಹಿಗ್ಗಿದ್ದರ ಅಳತೆಗೇ ಹೊಸದನ್ನು ಹಾಕಿದರೆ ಅದೂ ಜಾರುತ್ತದೆ. ತೀರಾ ಬಿಗಿಯಾದರೆ ಮೋಟಾರಿಗೆ ಹೊರೆಯಾಗುತ್ತದೆ. ಬೆರಳಿನ ಎಣ್ಣೆ ತಾಗದಂತೆ ಚಿಮುಟದಲ್ಲಿ ಹಿಡಿದು ಕೂರಿಸಿದರು.

ಈಗ ಮೀಟರ್ 3090 ತೋರಿಸಿತು! ನನಗೆ ಆಶ್ಚರ್ಯವಾಯಿತು. ಅವರಿಗೆ ಆಗಲಿಲ್ಲ. ಮೋಟಾರಿನ ಹಿಂದೆ ಒಂದು ಸಣ್ಣ ರಂಧ್ರವಿದೆ, ಅದರೊಳಗೆ ವೇಗ ಹೊಂದಿಸುವ ಸ್ಕ್ರೂ ಇದೆ. ಹಿಂದೆ ಯಾರೋ ಬೆಲ್ಟ್ ಸವೆದದ್ದನ್ನು ನೋಡದೆ ಸ್ಕ್ರೂ ತಿರುಗಿಸಿ ವೇಗ ಏರಿಸಿದ್ದರು. ಬೆಲ್ಟ್ ಇನ್ನಷ್ಟು ಸವೆದಾಗ ಅದೂ ಸಾಲದಾಗಿತ್ತು. ಅವರು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ 3000ಕ್ಕೆ ನಿಲ್ಲಿಸಿದರು.

ಮನೆಗೆ ತಂದು ಶೈಖ್ ಹುಸರಿಯವರ ಧ್ವನಿಸುರುಳಿ ಹಾಕಿದೆ. ನನ್ನ ಕಿವಿಗೆ ಓದು ಬೇಗ ಎನಿಸಿತು. ರಿಪೇರಿ ಕೆಟ್ಟಿದೆಯೆಂದೇ ತಿಳಿದೆ. ಅನುಮಾನ ಪರಿಹಾರಕ್ಕೆಂದು ಅದೇ ಅಧ್ಯಾಯವನ್ನು ಫೋನಿನಲ್ಲಿ ಹಾಕಿ ಪಕ್ಕದಲ್ಲಿಟ್ಟೆ. ಎರಡೂ ಒಟ್ಟಿಗೆ ಹೊರಟು, ಕೊನೆಯ ಆಯತಿನವರೆಗೂ ಒಟ್ಟಿಗೇ ಸಾಗಿದವು. ಲೆಕ್ಕ ಹಾಕಿದೆ. ಹಳೆಯ ಬೆಲ್ಟಿನಲ್ಲಿ ಐದು ನಿಮಿಷದ ಓದು 19 ಸೆಕೆಂಡುಗಳಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಆಗ ಆ ಹುಡುಗನ ತಗ್ಗಿಸಿದ ತಲೆ ಕಣ್ಣ ಮುಂದೆ ಬಂತು.

ಇನ್ನೂ ಒಂದು ವಿಷಯ ಇತ್ತು. ಹಿಂದೆ ಅದೇ ಡೆಕ್‌ನಲ್ಲಿ ಮಕ್ಕಳ ಓದನ್ನು ಮುದ್ರಿಸಿ ಅವರಿಗೇ ಕೇಳಿಸುತ್ತಿದ್ದೆ. ಆಗ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು. ಈಗ ಹಾಕಿ ನೋಡಿದರೆ ಮಕ್ಕಳ ಸ್ವರ ತೆಳ್ಳಗಾಗಿ, ಓದು ಓಡುತ್ತಿತ್ತು. ಕಾರಣ ಸ್ಪಷ್ಟ. ನಿಧಾನವಾದ ಯಂತ್ರದಲ್ಲಿ ಮುದ್ರಿಸಿದ್ದು ಅದೇ ನಿಧಾನ ಯಂತ್ರದಲ್ಲಿ ಸರಿಯಾಗಿಯೇ ಕೇಳುತ್ತದೆ. ತನ್ನ ತಪ್ಪನ್ನು ತಾನೇ ಅಳೆದರೆ ಯಂತ್ರ ಯಾವಾಗಲೂ ಉತ್ತೀರ್ಣವಾಗುತ್ತದೆ. ಡೆಕ್‌ನ ಜೊತೆಗೇ ಕಲಿತ ಹುಡುಗರು ಡೆಕ್‌ಗೆ ಸರಿಹೊಂದಿದರು. ಹೊರಗೆ ಸರಿಯಾಗಿ ಕಲಿತು ಬಂದವನೊಬ್ಬನೇ ತಪ್ಪುಗಾರನಾಗಿ ಕಂಡ.

ಓದುಗರೇ, ಈಗ ಮೊದಲಿನ ಪ್ರಶ್ನೆಗೆ ಬರೋಣ. ನನ್ನ ಉದ್ದೇಶ ಕೆಟ್ಟದಾಗಿರಲಿಲ್ಲ. ಕರ್ಮಗಳ ಬೆಲೆ ಸಂಕಲ್ಪದಲ್ಲಿದೆಯೆಂಬ ಅರ್ಥದ ಪ್ರವಾದಿ(ಸ)ಯವರ ಬೋಧನೆ ಇಮಾಮ್ ಬುಖಾರಿಯವರ ಸಂಗ್ರಹದ ಮೊಟ್ಟಮೊದಲಲ್ಲೇ ಇದೆ. ಪ್ರಮಾದದಿಂದಾದ ತಪ್ಪಿಗೆ ಪಾಪವಿಲ್ಲ, ಹೃದಯ ಬಯಸಿ ಮಾಡಿದ್ದಕ್ಕೆ ಹೊಣೆಯಿದೆ ಎಂಬ ಆಶಯ ಕುರ್‌ಆನಿನ 33ನೇ ಅಧ್ಯಾಯದ 5ನೇ ಸೂಕ್ತದಲ್ಲೂ ಇದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ನೆಮ್ಮದಿಯಾಗಿ ಮಲಗಬಹುದಿತ್ತು.

ಆದರೆ ಅದೇ ಕುರ್‌ಆನಿನ 4ನೇ ಅಧ್ಯಾಯದ 92ನೇ ಸೂಕ್ತವನ್ನು ನೋಡಿರಿ. ಒಬ್ಬ ವಿಶ್ವಾಸಿಯ ಕೈಯಿಂದ ಪ್ರಮಾದವಶಾತ್ ಇನ್ನೊಬ್ಬ ವಿಶ್ವಾಸಿಯ ಕೊಲೆಯಾದರೆ ಏನು ಮಾಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಕೊಂದವನಿಗೆ ಕೊಲ್ಲುವ ಉದ್ದೇಶವಿರಲಿಲ್ಲ. ಆದರೂ ಅವನು ಪ್ರಾಯಶ್ಚಿತ್ತ ಮಾಡಬೇಕು, ಮೃತನ ಮನೆಯವರಿಗೆ ಪರಿಹಾರಧನ ಒಪ್ಪಿಸಬೇಕು, ಅವರಾಗಿಯೇ ಬಿಟ್ಟುಕೊಟ್ಟರೆ ಮಾತ್ರ ಅದು ಬೇಡ. ಇದರಲ್ಲಿ ಎಷ್ಟು ದೊಡ್ಡ ತತ್ವವಿದೆ! ಸದುದ್ದೇಶವು ನಮ್ಮನ್ನು ಪಾಪದಿಂದ ಕಾಪಾಡಬಹುದು. ಇನ್ನೊಬ್ಬನ ಹಕ್ಕನ್ನು ಅದು ಅಳಿಸಲಾರದು. ಅಲ್ಲಾಹನು ನಮ್ಮ ಮನಸ್ಸನ್ನು ಬಲ್ಲನು. ಆದರೆ ನೊಂದವನ ನಷ್ಟ ನಮ್ಮ ಮನಸ್ಸಿನಲ್ಲಿಲ್ಲ, ಅವನ ಬದುಕಿನಲ್ಲಿದೆ.

ಇನ್ನು, ನನಗೆ ನಿಜವಾಗಿಯೂ ಗೊತ್ತಿರಲಿಲ್ಲವೇ? ಬೆಲ್ಟಿನ ಸವೆತ ನನಗೆ ಕೇಳಿಸಲಿಲ್ಲ, ನಿಜ. ಅದು ಒಂದೇ ದಿನದಲ್ಲಿ ಸವೆದದ್ದಲ್ಲ. ಯಂತ್ರ ದಿನದಿನಕ್ಕೆ ಕೂದಲೆಳೆಯಷ್ಟು ನಿಧಾನವಾದಂತೆ ನನ್ನ ಕಿವಿಯೂ ಜೊತೆಗೇ ನಿಧಾನವಾಯಿತು. ಅದಕ್ಕೆ ನಾನು ಕ್ಷಮಾರ್ಹನಿರಬಹುದು. ಆದರೆ ಹನ್ನೆರಡರ ಹುಡುಗ ಸ್ಪಷ್ಟವಾದ ಮಾತಿನಲ್ಲಿ ಸತ್ಯವನ್ನು ಹೇಳಿದ್ದ. ಫೋನನ್ನು ಪಕ್ಕದಲ್ಲಿಟ್ಟು ನೋಡಲು ಐದು ನಿಮಿಷ ಸಾಕಾಗಿತ್ತು. ನಾನು ಹೊಣೆಯಾಗುವುದು ಕೇಳಿಸದ ಬೆಲ್ಟಿಗಲ್ಲ, ಕೇಳಿಸಿದ ಮಾತಿಗೆ.

ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಮನುಷ್ಯನು ತನ್ನ ದೋಷಗಳನ್ನು ಅರಿಯಲು ನಾಲ್ಕು ದಾರಿಗಳನ್ನು ಹೇಳಿದ್ದಾರೆ: ಬಲ್ಲ ಗುರು, ಸತ್ಯ ಹೇಳುವ ಮಿತ್ರ, ಶತ್ರುವಿನ ನಾಲಗೆ, ಮತ್ತು ಜನರ ಒಡನಾಟ. ನಾಲ್ಕನೆಯದರ ತಾತ್ಪರ್ಯ ಹೀಗಿದೆ: ಜನರಲ್ಲಿ ಯಾವ ದೋಷ ಕಂಡರೂ ಅದು ತನ್ನಲ್ಲೂ ಇದೆಯೇ ಎಂದು ಹುಡುಕಬೇಕು. ನಾನು ಆ ಹುಡುಗನಲ್ಲಿ ಕಂಡ ದೋಷ ಯಾವುದು? ಅವಸರ. ವಿಚಾರಿಸದೆ ತೀರ್ಪು ಕೊಟ್ಟ ಅವಸರ ಯಾರದಾಗಿತ್ತು?

ತನ್ನ ಬೆನ್ನು ತನಗೆ ಕಾಣದು. ಅದಕ್ಕಾಗಿಯೇ ಪ್ರವಾದಿ(ಸ)ಯವರು ಒಬ್ಬ ವಿಶ್ವಾಸಿಯನ್ನು ಇನ್ನೊಬ್ಬ ವಿಶ್ವಾಸಿಯ ಕನ್ನಡಿಗೆ ಹೋಲಿಸಿದರು. ಆದರೆ ನಾವು ಕನ್ನಡಿಗೂ ವಯಸ್ಸು ನೋಡುತ್ತೇವೆ. ಹಿರಿಯರು ತೋರಿಸಿದರೆ ಉಪದೇಶ, ಮಕ್ಕಳು ತೋರಿಸಿದರೆ ಉದ್ಧಟತನ!

ಸಹ್‌ಲ್ ಬಿನ್ ಸಅದ್(ರ) ವರದಿ ಮಾಡಿದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಪ್ರವಾದಿ(ಸ)ಯವರ ಬಲಗಡೆ ಒಬ್ಬ ಹುಡುಗನೂ ಎಡಗಡೆ ಹಿರಿಯರೂ ಕುಳಿತಿದ್ದರು. ಪ್ರವಾದಿಯವರು ಪಾನೀಯ ಕುಡಿದರು. ಬಲಗಡೆಯವನಿಗೆ ಮೊದಲು ಕೊಡುವುದು ಕ್ರಮ. ಹಿರಿಯರಿಗೆ ಮೊದಲು ಕೊಡಲು ಒಪ್ಪುವೆಯಾ ಎಂದು ಅವರು ಆ ಹುಡುಗನನ್ನೇ ಕೇಳಿದರು. ತಮ್ಮಿಂದ ದೊರೆಯುವ ಪಾಲನ್ನು ಯಾರಿಗೂ ಬಿಟ್ಟುಕೊಡಲಾರೆನೆಂದು ಅವನು ಹೇಳಿದ. ಪ್ರವಾದಿಯವರು ಪಾತ್ರೆಯನ್ನು ಅವನ ಕೈಗೇ ಇಟ್ಟರು. ಗದರಿಸಲಿಲ್ಲ. ಮಗುವಿನ ಹಕ್ಕು ಮಗುವಿನದೆಂಬ ಕಾರಣಕ್ಕೆ ಕಿರಿದಾಗಲಿಲ್ಲ.

ಪಶ್ಚಾತ್ತಾಪಕ್ಕೆ ಇಮಾಮ್ ನವವಿ(ರ) 'ರಿಯಾದುಸ್ಸಾಲಿಹೀನ್'ನಲ್ಲಿ ಷರತ್ತುಗಳನ್ನು ವಿವರಿಸಿದ್ದಾರೆ. ಪಾಪವನ್ನು ಬಿಡಬೇಕು, ಮರುಗಬೇಕು, ಮತ್ತೆ ಮಾಡದಿರಲು ನಿರ್ಧರಿಸಬೇಕು. ತಪ್ಪು ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೊಂದಿದೆ: ಅವನ ಹಕ್ಕನ್ನು ಮರಳಿಸಬೇಕು ಅಥವಾ ಅವನಿಂದ ಬಿಡುಗಡೆ ಕೇಳಬೇಕು. ಬೆಲ್ಟ್ ಬದಲಾಯಿಸುವುದು ಮೊದಲ ಮೂರಕ್ಕೆ ಸಮಾನ. ಅದರಿಂದ ಇಂದಿನ ಓದು ಸರಿಯಾಯಿತು. ನಿಧಾನದ ದಿನಗಳಲ್ಲಿ ಮುದ್ರಿತವಾದದ್ದು ಮಾತ್ರ ಹಾಗೆಯೇ ಉಳಿದಿದೆ. ಅದನ್ನು ತಿದ್ದಲು ಬೇರೆಯೇ ಕೆಲಸ ಬೇಕು. ಬೆಲ್ಟ್ ನೋಡದೆ ಸ್ಕ್ರೂ ತಿರುಗಿಸಿದವನಂತೆ, ಆ ಕೆಲಸ ಬಿಟ್ಟು ಎರಡು ರಕಅತ್ ಹೆಚ್ಚು ನಮಾಝ್ ಮಾಡಿ ನಾನು ಸಮಾಧಾನಪಟ್ಟುಕೊಳ್ಳಬಹುದಿತ್ತು.

ಒಂದು ವಾರ ಹಿಂಜರಿದೆ. ಉಸ್ತಾದ್ ಒಬ್ಬ ಹುಡುಗನಲ್ಲಿ ಕ್ಷಮೆ ಕೇಳಿದರೆ ನಾಳೆ ಮಕ್ಕಳು ಮರ್ಯಾದೆ ಕೊಡುವರೇ ಎಂದು ಮನಸ್ಸು ವಾದಿಸಿತು. ಕೊನೆಗೆ, ಗದರಿಸಿದ್ದು ತರಗತಿಯ ಮುಂದೆಯಾದ್ದರಿಂದ ತರಗತಿಯ ಮುಂದೆಯೇ ಡೆಕ್ ಮತ್ತು ಫೋನನ್ನು ಒಟ್ಟಿಗೆ ಹಾಕಿ ಕೇಳಿಸಿದೆ. "ಅಂದು ಇವನು ಸರಿಯಾಗಿದ್ದ, ನಾನು ತಪ್ಪಿದ್ದೆ" ಎಂದು ಹೇಳಿ ಅವನಲ್ಲಿ ಕ್ಷಮೆ ಕೇಳಿದೆ. ಅವನು, "ಪರವಾಗಿಲ್ಲ ಉಸ್ತಾದ್" ಎಂದ. ಆಮೇಲೆ ಹೊರಗೆ ಹೋಗುವಾಗ, "ಈ ವರ್ಷ ನನಗೆ ಹದಿಮೂರು ಆಯಿತು" ಎಂದು ಮೆಲ್ಲಗೆ ಹೇಳಿದ. ಅವನು ದೂರಲಿಲ್ಲ. ಇದ್ದದ್ದನ್ನು ಹೇಳಿದ. ನಾನು ಕೊಡಬಹುದಾದದ್ದನ್ನು ಕೊಟ್ಟಿದ್ದೆ. ಕೊಡಲಾಗದ್ದು ನನ್ನ ಲೆಕ್ಕದಲ್ಲಿ ಉಳಿದಿದೆ.

ಮರ್ಯಾದೆಯ ಮಾತು ಹೇಳುವುದಾದರೆ, ಅಂದಿನಿಂದ ಮಕ್ಕಳು ತಮ್ಮ ತಪ್ಪುಗಳನ್ನು ತಾವಾಗಿಯೇ ಬಂದು ಹೇಳುವುದು ಹೆಚ್ಚಾಗಿದೆ.

ತಂದೆ ತಾಯಂದಿರೇ, ಶಿಕ್ಷಕ ಬಂಧುಗಳೇ, ನಮ್ಮ ಮನೆಗಳಲ್ಲಿ ನಾವೇ ಯಂತ್ರ, ನಾವೇ ಅಳತೆಗೋಲು. ನಮ್ಮ ಕೋಪ, ನಮ್ಮ ತೀರ್ಪು, ನಮ್ಮ ಮಾತಿನ ಧಾಟಿ ವರ್ಷಗಳಿಂದ ಎಷ್ಟು ಜಾರಿವೆಯೆಂದು ನಮ್ಮ ಕಿವಿಗೆ ಕೇಳಿಸದು. ಮನೆಮಂದಿ ಅದಕ್ಕೆ ಹೊಂದಿಕೊಂಡಿರುವುದನ್ನೇ ನಾವು ಸರಿಯಾಗಿರುವುದಕ್ಕೆ ಸಾಕ್ಷಿಯೆಂದು ತಿಳಿಯುತ್ತೇವೆ. ಕುರ್‌ಆನ್ ಮತ್ತು ಪ್ರವಾದಿಚರ್ಯೆ ನಮ್ಮ ಮುಂದೆ ಬದಲಾಗದ ಅಳತೆಯಾಗಿ ಇವೆ. ಆದರೆ ಆ ಅಳತೆಯ ಪಕ್ಕದಲ್ಲಿ ನಮ್ಮನ್ನು ಇಟ್ಟು ನೋಡಲು ಸಾಮಾನ್ಯವಾಗಿ ಇನ್ನೊಬ್ಬರ ಮಾತು ಬೇಕಾಗುತ್ತದೆ. ಆ ಮಾತು ಪತ್ನಿಯದಾಗಿರಬಹುದು, ಕೆಲಸದಾಳಿನದಾಗಿರಬಹುದು, ಒಂದು ಮಗುವಿನದಾಗಿರಬಹುದು. ಇಂದು ರಾತ್ರಿ ಊಟದ ಬಳಿಕ ನಿಮ್ಮ ಮಗುವನ್ನು ಹತ್ತಿರ ಕೂರಿಸಿ, "ನಾನು ನಿನಗೆ ಯಾವಾಗಲಾದರೂ ಅನ್ಯಾಯ ಮಾಡಿದ್ದೇನೆಯೇ?" ಎಂದು ಕೇಳಿರಿ. ಉತ್ತರ ಬಂದಾಗ ಬಾಯಿ ಮುಚ್ಚಿಸಬೇಡಿರಿ.

ನಮಗೆ ಕಾಣದ ನಮ್ಮ ತಪ್ಪುಗಳನ್ನು ಕಾಣುವ ಬೆಳಕನ್ನೂ, ಕಂಡ ಮೇಲೆ ತಿದ್ದುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.